ಅರವತ್ತು ಚುಕ್ಕಿ, ಹನ್ನೆರಡು ಸೀಟು

ನನ್ನ ಹೆಂಡತಿಯ ಅಕ್ಕ, ಅಂದರೆ ನನ್ನ ಅತ್ತಿಗೆ, ನಮ್ಮ ಮನೆಗೆ ಬಂದು ಹೋದರೆ ಬಂದಿದ್ದರು ಎನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ. ಕುರ್ಚಿ ಎಳೆದು ಕೂತರೆ ಏಳುವಾಗ ಅದೇ ಜಾಗಕ್ಕೆ ತಳ್ಳುತ್ತಾರೆ. ನೀರು ಕುಡಿದ ಲೋಟವನ್ನು ತೊಳೆದು, ಒರೆಸಿ, ಯಾವ ಸಾಲಿನಿಂದ ತೆಗೆದಿದ್ದರೋ ಅದೇ ಸಾಲಿನಲ್ಲಿ ಇಡುತ್ತಾರೆ. ಫ್ಯಾನು ಎರಡರಲ್ಲಿದ್ದರೆ ಹೊರಡುವಾಗ ಮತ್ತೆ ಎರಡಕ್ಕೇ ತಿರುಗಿಸುತ್ತಾರೆ. ನಾನು ದರ್ಜಿ. ದಾರದ ತುಂಡು, ಚೂರು ಬಟ್ಟೆ, ಸೀಮೆಸುಣ್ಣದ ಪುಡಿ ಇಲ್ಲದ ಒಂದು ಗೇಣು ನೆಲ ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಈ ಹೆಂಗಸನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಮೈ ಉರಿ.

"ಅತ್ತಿಗೆ, ಉಸಿರಾಡಿದ ಗಾಳೀನೂ ವಾಪಸ್ ಇಟ್ಟು ಹೋಗ್ತೀರಾ?" ಎಂದು ಒಮ್ಮೆ ಕೇಳಿದ್ದೆ.

"ಅದನ್ನೂ ಇಡ್ತಾನೇ ಇದೀನಲ್ಲ," ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಅವರಿಗೆ ಹತ್ತೊಂಬತ್ತು ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಮಕ್ಕಳ ಇಲಾಖೆಯ ಅಂಕಿಅಂಶ ವಿಭಾಗದಲ್ಲಿ ಫಾರಂ ನೋಡಿ ಅಂಕಿ ತುಂಬುವ ಕೆಲಸಕ್ಕೆ ಸೇರಿದರು. ತಾಯಿಯನ್ನು ನೋಡಿಕೊಂಡರು, ತಂಗಿಯನ್ನು ಓದಿಸಿದರು, ನನ್ನಂಥ ಮುಂಗೋಪಿಗೆ ಮದುವೆ ಮಾಡಿಕೊಟ್ಟರು. ತಮ್ಮ ಮದುವೆಯ ವಿಷಯ ಯಾರಾದರೂ ಎತ್ತಿದರೆ "ಪುರುಸೊತ್ತಾಗ್ಲಿಲ್ಲ" ಎಂದು ಮುಗಿಸಿಬಿಡುತ್ತಾರೆ. ಮೂವತ್ತೆಂಟನೇ ವಯಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಹಾಳೆ ಬಿಟ್ಟುಕೊಂಡಿದ್ದ ಒಂದು ಜೆರಾಕ್ಸ್ ಪುಸ್ತಕ ಇಟ್ಟುಕೊಂಡು ಪ್ರೋಗ್ರಾಮ್ ಬರೆಯುವುದನ್ನು ಕಲಿತರು. ಅಂಕಿಅಂಶದ ಕೆಲಸಕ್ಕೆಂದೇ ಇರುವ ಭಾಷೆಯಂತೆ ಅದು. ಹೆಸರು ಆರ್, ಬರೀ ಆರ್. ಒಂದೇ ಅಕ್ಷರಕ್ಕೆ ನಿಲ್ಲಿಸುವಷ್ಟು ಅವಸರ ಹೆಸರಿಟ್ಟವರಿಗೆ ಏನಿತ್ತೋ ಎಂದು ನಾನು ತಮಾಷೆ ಮಾಡಿದ್ದುಂಟು. ಈಗ ವಿಭಾಗದಲ್ಲಿ ಯಾವ ಪಟ್ಟಿ ತಾಳೆಯಾಗದಿದ್ದರೂ ದೊಡ್ಡ ದೊಡ್ಡ ಡಿಗ್ರಿಯವರೆಲ್ಲ ಅತ್ತಿಗೆಯ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ.

ಆ ಭಾಷೆಯಲ್ಲಿ ಫಂಕ್ಷನ್ ಎಂಬುದೊಂದಿದೆ. ಒಂದು ಕೆಲಸವನ್ನು ಕಟ್ಟಿಟ್ಟ ಗಂಟು ಎನ್ನಬಹುದು. ಅತ್ತಿಗೆಯ ಪ್ರಕಾರ ಒಳ್ಳೆಯ ಫಂಕ್ಷನ್ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಉತ್ತರ ಕೊಡಬೇಕು, ಅಲ್ಲಿಗೆ ಅದರ ಕೆಲಸ ಮುಗಿಯಬೇಕು. ಹೊರಗಿನ ಯಾವುದನ್ನೂ ಮುಟ್ಟಬಾರದು. ಸದ್ದಿಲ್ಲದೆ ಹೊರಗೆ ಏನನ್ನಾದರೂ ಬದಲಾಯಿಸಿ ಬಂದರೆ ಅದಕ್ಕೆ ಅಡ್ಡ ಪರಿಣಾಮ ಎನ್ನುತ್ತಾರೆ. ಅಂಥದ್ದನ್ನು ಬರೆದವರನ್ನು ಅತ್ತಿಗೆ ಕಚೇರಿಯಲ್ಲಿ ಎಲ್ಲರೆದುರೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

"ಅಳತೆ ತಗೊಳ್ಳೋಕೆ ಬಂದೋನು ಬಟ್ಟೆಗೆ ಕತ್ತರಿ ಹಾಕಬಾರದು ಅಂತೀರಿ," ಎಂದೆ.

ಅವರ ಮುಖ ಅರಳಿತು. "ನಮ್ಮ ಆಫೀಸಲ್ಲಿ ಒಬ್ಬರಿಗೂ ಇಷ್ಟು ಬೇಗ ಅರ್ಥ ಆಗ್ಲಿಲ್ಲ ನೋಡಿ."

ನಮಗೆ ಒಬ್ಬಳೇ ಮಗಳು. ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತೇವೆ. ಹುಟ್ಟಿನಿಂದಲೇ ಅವಳಿಗೆ ಕಿವಿ ಮಂದ. ಎರಡೂ ಕಿವಿಗೆ ಮಿಷನ್ ಹಾಕಿದರೂ ಅರ್ಧ ಮಾತು ಸಿಗುತ್ತದೆ, ಅರ್ಧ ಜಾರಿಹೋಗುತ್ತದೆ. ಇಂಥ ಮಕ್ಕಳಿಗೆ ಮಾತು ಕಲಿಸುವ ತರಗತಿ ನಮ್ಮ ಭಾಗದಲ್ಲಿ ಐದು ಕೇಂದ್ರಗಳಲ್ಲಿದೆ. ಒಂದೊಂದು ಕೇಂದ್ರದಲ್ಲಿ ಹನ್ನೆರಡೇ ಸೀಟು. ಪ್ರತಿ ಕೇಂದ್ರಕ್ಕೂ ಮೊದಲು ಬಂದ ಅರವತ್ತು ಅರ್ಜಿಗಳನ್ನು ಮಾತ್ರ ತೆಗೆದುಕೊಂಡು, ಬಂದ ಕ್ರಮದಲ್ಲಿ ಸಂಖ್ಯೆ ಕೊಟ್ಟು, ಅದರಲ್ಲಿ ಹನ್ನೆರಡು ಮಕ್ಕಳನ್ನು ಕಂಪ್ಯೂಟರ್ ಚೀಟಿಯಿಂದ ಆರಿಸುತ್ತಾರೆ. ಆರು ತುಂಬಿದ ಮಕ್ಕಳಿಗೆ ಅಲ್ಲಿ ಜಾಗವಿಲ್ಲ. ಗುಬ್ಬಿಗೆ ಐದು ದಾಟಿತ್ತು. ಈ ವರ್ಷ ತಪ್ಪಿದರೆ ಇನ್ನು ತಪ್ಪಿದಂತೆಯೇ. ನನ್ನ ಹೆಂಡತಿ ಈ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಹೇಳದಿದ್ದಾಗಲೂ ನನಗೆ ಕೇಳಿಸುತ್ತಿತ್ತು.

ಆ ಚೀಟಿ ಎತ್ತುವ ಪ್ರೋಗ್ರಾಮ್ ಬರೆದವರು ನಮ್ಮ ಅತ್ತಿಗೆಯೇ. ತಂಗಿಯ ಮಗಳ ಅರ್ಜಿಯೂ ಇದೆ, ಬೇರೆ ಯಾರಿಗಾದರೂ ವಹಿಸಿ ಎಂದು ಸಾಹೇಬರಿಗೆ ಮೊದಲೇ ಬರೆದುಕೊಟ್ಟಿದ್ದರು. "ಎತ್ತೋದು ಕಂಪ್ಯೂಟರ್ ಕಣಮ್ಮ, ನೀವಲ್ಲ," ಎಂದು ಸಾಹೇಬರು ಆ ಕಾಗದವನ್ನು ಫೈಲಿಗೆ ಸೇರಿಸಿದರಂತೆ.

ಈ ವರ್ಷ ಅತ್ತಿಗೆ ಒಂದು ಹೊಸ ಏರ್ಪಾಡು ಮಾಡಿದ್ದರು. ಹಿಂದಿನ ವರ್ಷ ಚೀಟಿಯ ದಿನ ಒಬ್ಬ ತಾಯಿ, ನನ್ನ ಮಗುವಿನ ಹೆಸರು ಒಳಗೆ ಇದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು ಎಂದು ಅತ್ತಿದ್ದಳಂತೆ. ಅದು ಇವರ ಮನಸ್ಸಿಗೆ ನಾಟಿತ್ತು. ಅದಕ್ಕೇ ಚೀಟಿ ಎತ್ತುವ ಮೊದಲು ಗೋಡೆಯ ಪರದೆಯ ಮೇಲೆ ಒಂದು ಚಿತ್ರ ತೋರಿಸಲು ಶುರುಮಾಡಿದರು. ಮಗುವಿಗೊಂದರಂತೆ ಅರವತ್ತು ಚುಕ್ಕಿ, ಪಕ್ಕದಲ್ಲಿ ಚಿಕ್ಕದಾಗಿ ಹೆಸರು. ವಯಸ್ಸು, ಮನೆಯ ದೂರ ಒಂದೇ ಆದ ಮಕ್ಕಳ ಚುಕ್ಕಿಗಳು ಒಂದರ ಮೇಲೊಂದು ಕೂರುತ್ತಿದ್ದವು. ಎಲ್ಲವೂ ಕಾಣಲಿ ಎಂದು ಪ್ರತಿಯೊಂದನ್ನೂ ಒಂದು ಕೂದಲೆಳೆಯಷ್ಟು ಅತ್ತಿತ್ತ ಸರಿಸುವಂತೆ ಮಾಡಿದರು.

ನಾನೂ ಹೆಂಡತಿಯೂ ಹೋಗಿ ಕೂತಿದ್ದೆವು. ಗುಬ್ಬಿಯ ಚುಕ್ಕಿ ಕಂಡಾಗ ನನ್ನ ಹೆಂಡತಿ ನನ್ನ ಮೊಣಕೈ ಚಿವುಟಿದಳು. ಅರ್ಜಿ ಸಂಖ್ಯೆ ಹದಿನೇಳು. ಆಮೇಲೆ ಅತ್ತಿಗೆ ಒಂದು ಕೀಲಿ ಒತ್ತಿದರು, ಹನ್ನೆರಡು ಹೆಸರು ಬಂದವು, ಮೂರನೆಯದು ನಮ್ಮದು. ನಾನು ಅಳುವುದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಅವತ್ತು ಅಷ್ಟೂ ಜನ ನೋಡಿದರು.

ಆ ಶನಿವಾರ ಸಂಜೆ ಸಿಹಿ ತೆಗೆದುಕೊಂಡು ಅತ್ತಿಗೆಯ ಬಾಡಿಗೆ ಕೋಣೆಗೆ ಹೋದೆ. ಒಂದು ಮಂಚ, ಒಂದು ಮೇಜು, ಅದರ ಮೇಲೆ ಲ್ಯಾಪ್‌ಟಾಪು, ಕಿಟಕಿಗೆ ನಾನೇ ಹೊಲಿದುಕೊಟ್ಟ ಪರದೆ. ನನಗೆ ಖುಷಿ ಹೆಚ್ಚಾದರೆ ಬಾಯಿಗೆ ಬೀಗ ಇರುವುದಿಲ್ಲ.

"ಅತ್ತಿಗೆ, ಒಂದು ತಮಾಷೆ ಕೇಳಿ. ನನ್ನ ಗಿರಾಕಿ ಒಬ್ಬ ಬಸ್ ಡ್ರೈವರು, ಅವನ ಮಗನಿಗೂ ಸೀಟು ಸಿಕ್ಕಿದೆ, ಆಚೆ ಕೇಂದ್ರದಲ್ಲಿ. ಅವನ ನಂಬರೂ ಹದಿನೇಳೇ ಅಂತೆ! ಹದಿನೇಳಕ್ಕೆ ಈ ವರ್ಷ ಶುಕ್ರದೆಸೆ ನೋಡಿ."

ಅತ್ತಿಗೆ ಸಿಹಿ ಬಾಯಿಗಿಡುವವರಿದ್ದರು. ಕೈ ಅಲ್ಲೇ ನಿಂತಿತು.

"ಇನ್ನೊಂದ್ ಸಲ ಹೇಳಿ," ಎಂದರು.

ಹೇಳಿದೆ. ಅವರು ಸಿಹಿಯನ್ನು ಡಬ್ಬಿಗೆ ಹಾಕಿ, ಕೈ ಒರೆಸಿಕೊಂಡು, ಲ್ಯಾಪ್‌ಟಾಪ್ ತೆರೆದರು. ಐದು ಕೇಂದ್ರಗಳ ಪಟ್ಟಿ ಒಂದರ ಪಕ್ಕ ಒಂದು ಹಾಕಿದರು. ಫಲಿತಾಂಶ ಓದುವಾಗ, ಗೋಡೆಗೆ ಅಂಟಿಸುವಾಗ ಎಲ್ಲ ಕಡೆ ಹೆಸರನ್ನೇ ಬಳಸಿದ್ದರು. ಕೇಂದ್ರಕ್ಕೊಂದು ದಿನ ಚೀಟಿ ಎತ್ತಿದ್ದರಿಂದ ಸಂಖ್ಯೆಗಳನ್ನು ಯಾರೂ ಒಟ್ಟಿಗೆ ನೋಡಿರಲಿಲ್ಲ. ಈಗ ನೋಡಿದರೆ ಐದಕ್ಕೆ ಐದೂ ಕೇಂದ್ರಗಳಲ್ಲಿ ಅವೇ ಹನ್ನೆರಡು ಸಂಖ್ಯೆ, ಅದೇ ಕ್ರಮ. ನನಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಅವರ ಮುಖದ ಬಣ್ಣ ಇಳಿದದ್ದು ಕಾಣಿಸಿತು.

ಅವರು ಸ್ವಲ್ಪ ಹೊತ್ತು ಪ್ರೋಗ್ರಾಮಿನ ಸಾಲುಗಳ ಮೇಲೆ ಬೆರಳಾಡಿಸಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು. ಆಮೇಲೆ ಎಂದಿನ ಧ್ವನಿಯಲ್ಲೇ, ತುಸು ನಿಧಾನವಾಗಿ, ನನಗೆ ಬಿಡಿಸಿ ಹೇಳಿದರು.

ಕಂಪ್ಯೂಟರಿಗೆ ತಾನಾಗಿ ಚೀಟಿ ಎತ್ತಲು ಬರುವುದಿಲ್ಲ. ಅದು ಒಂದು ಬೀಜ ಹಿಡಿದು, ಅದರಿಂದ ಸಂಖ್ಯೆಗಳನ್ನು ಒಂದರ ಹಿಂದೊಂದು ಹುಟ್ಟಿಸುತ್ತಾ ಹೋಗುತ್ತದೆ. ಸುಮ್ಮನೆ ಬಿಟ್ಟರೆ ಸಲಕ್ಕೊಂದು ಬೀಜ ತಾನೇ ಹುಡುಕಿಕೊಳ್ಳುತ್ತದೆ. ನಾವೇ ಒಂದು ಬೀಜ ಕೊಟ್ಟರೆ ಪ್ರತಿ ಸಲವೂ ಅದೇ ಸಂಖ್ಯೆಗಳು ಅದೇ ಕ್ರಮದಲ್ಲಿ ಬರುತ್ತವೆ. ಚುಕ್ಕಿಗಳನ್ನು ಸರಿಸುವುದಕ್ಕೂ ಇಂಥ ಸಂಖ್ಯೆಗಳೇ ಬೇಕು. ಮೊದಲು ಪ್ರಯೋಗ ಮಾಡಿ ನೋಡಿದಾಗ ಚಿತ್ರ ಮತ್ತೆ ಬರೆದಾಗಲೆಲ್ಲ ಚುಕ್ಕಿಗಳು ಜಾಗ ಬದಲಿಸುತ್ತಿದ್ದವು. ಅಯ್ಯೋ, ನನ್ನ ಮಗುವಿನ ಚುಕ್ಕಿ ಎಲ್ಲಿ ಹೋಯಿತು ಎಂದು ತಾಯಂದಿರು ಗಾಬರಿಯಾಗುತ್ತಾರಲ್ಲ ಎಂದು, ಚುಕ್ಕಿಗಳು ನಿಂತಲ್ಲೇ ನಿಲ್ಲಲಿ ಎಂದು, ಚಿತ್ರ ಬರೆಯುವ ಫಂಕ್ಷನ್ನಿನ ಒಳಗೆ ಅತ್ತಿಗೆ ಒಂದು ಬೀಜ ಹಾಕಿದ್ದರು. ಆದರೆ ಬೀಜ ಫಂಕ್ಷನ್ನಿನ ಒಳಗೇ ಉಳಿಯುವ ವಸ್ತುವಲ್ಲ. ಅದು ಹೊರಗೆ, ಇಡೀ ಪ್ರೋಗ್ರಾಮಿಗೆ ಸೇರಿದ ಜಾಗದಲ್ಲಿ ಕೂರುತ್ತದೆ. ಚಿತ್ರ ಮುಗಿದ ಮೇಲೆ ಚೀಟಿ ಎತ್ತುವ ಸರದಿ ಬಂದಾಗ ಅದಕ್ಕೆ ಸಿಕ್ಕಿದ್ದೂ ಅದೇ ಬೀಜದ ಮುಂದಿನ ಸಂಖ್ಯೆಗಳು. ಎಲ್ಲ ಕಡೆಯೂ ಅರವತ್ತೇ ಅರ್ಜಿ. ಹಾಗಾಗಿ ಎಲ್ಲ ಕಡೆಯೂ ಅದೇ ಹನ್ನೆರಡು.

"ಬೇರೆಯವರು ಬರೆದಿದ್ರೆ ಅವರ ಜನ್ಮ ಜಾಲಾಡಿಬಿಡ್ತಿದ್ದೆ," ಎಂದರು. "ಚಿತ್ರ ಅಲ್ವಾ, ಅದರಿಂದ ಏನಾಗುತ್ತೆ ಅಂತ ಪರೀಕ್ಷೇನೂ ಮಾಡ್ಲಿಲ್ಲ."

"ಯಾರಿಗೂ ಮೊದಲೇ ಗೊತ್ತಿರ್ಲಿಲ್ವಲ್ಲ ಅತ್ತಿಗೆ. ಹಾಗಂದ್ಮೇಲೆ ಮೋಸ ಎಲ್ಲಿ ಬಂತು?"

"ಮೊದಲ್ನೇ ದಿನ ಚಿತ್ರ ಬಂದಾಗ್ಲೇ ಐದೂ ಕಡೆ ತೀರ್ಮಾನ ಆಗಿಹೋಗಿತ್ತು. ಉಳಿದೋರು ಸುಮ್ನೆ ಬಂದು ಕೈ ಮುಗ್ಕೊಂಡು ಕೂತಿದ್ರು. ಆ ಬೀಜ ಹಾಕಿದ್ದು ನಾನು. ಅಂದ್ರೆ ಎತ್ತಿದ್ದು ಕಂಪ್ಯೂಟರ್ ಅಲ್ಲ, ನಾನು."

"ಏನದು ಬೀಜ? ಎಷ್ಟು?"

ಅವರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಸಾವಿರದ ನಾನೂರ ಮೂರು. ಹದಿನಾಲ್ಕನೇ ತಾರೀಕು, ಮೂರನೇ ತಿಂಗಳು. ಗುಬ್ಬಿ ಹುಟ್ಟಿದ ದಿನ.

"ಯಾವುದಾದ್ರೂ ಒಂದು ಸಂಖ್ಯೆ ಬೇಕಿತ್ತು," ಎಂದರು. "ಬೆರಳಿಗೆ ಅದೇ ಬಂತು."

ಇದನ್ನು ಹೊರಗೆ ಹೇಳಿದರೆ ಯಾರು ನಂಬುತ್ತಾರೆ? ತಂಗಿಯ ಮಗಳ ಹುಟ್ಟಿದ ದಿನ ಹಾಕಿ ತಂಗಿಯ ಮಗಳಿಗೇ ಸೀಟು ತೆಗೆದಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಇಪ್ಪತ್ತೇಳು ವರ್ಷದ ನೌಕರಿ. ಅದಕ್ಕಿಂತ ಮೊದಲು, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ನೆನಪಾದದ್ದು ಸೀಟು.

"ಅತ್ತಿಗೆ, ಸುಮ್ನಿದ್ದುಬಿಡಿ. ಮುಂದಿನ ವರ್ಷ ಸರಿ ಮಾಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಸೋಮವಾರ ಸಾಹೇಬರಿಗೆ ಹೇಳ್ತೀನಿ."

"ಆ ನಂಬರಾದ್ರೂ ಬದಲಾಯಿಸಿ ತೋರಿಸಿ! ಒಂದು, ಎರಡು, ಏನಾದ್ರೂ ಹಾಕಿ!"

"ಬೇರೆ ನಂಬರ್ ಹಾಕಿದ್ರೆ ಬೇರೆ ಮಕ್ಕಳು ಬರ್ತಾರೆ. ಎತ್ತಿದ್ದು ಹೀಗೇ ಅಂತ ತೋರಿಸೋಕೆ ಇದೇ ಬೇಕು."

ಅವರು ಹೇಳಿದ್ದು ನ್ಯಾಯವೇ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಚಪ್ಪಲಿ ಮೆಟ್ಟಿಕೊಂಡು, ಬಾಗಿಲನ್ನು ಗೋಡೆಗೆ ಬಡಿದು ಹೊರಬಂದೆ. ಅರ್ಧ ಬೀದಿ ನಡೆದ ಮೇಲೆ, ಆ ಡ್ರೈವರಿನ ಮಾತನ್ನು ಎತ್ತಿದ ನನ್ನ ನಾಲಿಗೆಯನ್ನೇ ಕತ್ತರಿಸಬೇಕು ಅನ್ನಿಸಿತು.

ಭಾನುವಾರ ಬೆಳಿಗ್ಗೆಯೇ ಅವರು ನಮ್ಮ ಮನೆಗೆ ಬಂದರು, ತಂಗಿಗೆ ತಾವೇ ಹೇಳಬೇಕೆಂದು. ನನ್ನ ಹೆಂಡತಿ ಅಕ್ಕನಿಗೆ ಎದುರು ಮಾತಾಡಿದವಳಲ್ಲ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಕ್ಕನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕ, ಹುಟ್ಟಿದಾಗಿಂದ ನೀನು ಸರಿಯಾಗೇ ಇದೀಯ. ಒಂದೇ ಒಂದು ಸಲ ತಪ್ಪಾಗಿರೇ."

ಅತ್ತಿಗೆ ಕೈ ಬಿಡಿಸಿಕೊಳ್ಳಲಿಲ್ಲ. "ಇನ್ನೂರ ನಲವತ್ತು ಮಕ್ಕಳಿಗೆ ಸಿಕ್ಕಿಲ್ಲ ಕಣೇ. ಅವರಲ್ಲಿ ಒಂದು ಗುಬ್ಬಿ ಆಗಿದ್ದು, ಎತ್ತಿದೋಳು ಬೇರೆ ಯಾರೋ ಆಗಿದ್ದು, ಆಮೇಲೆ ನಿನಗೆ ಗೊತ್ತಾಗಿದ್ರೆ?"

"ಗೊತ್ತಾಗ್ತಿರ್ಲಿಲ್ಲ," ಎಂದಳು ನನ್ನ ಹೆಂಡತಿ. ಅಳು ತಡೆಯಲಾರದೆ ಒಳಗೆ ಹೋದಳು.

ಸೋಮವಾರ ಸಾಹೇಬರು ಮೊದಲು ಬಾಗಿಲು ಹಾಕಿಸಿದರಂತೆ. ಆಮೇಲೆ ನೀರು ಕುಡಿದರಂತೆ. "ಇದನ್ನ ಹೇಳದೇ ಇದ್ದಿದ್ರೆ ಯಾರಪ್ಪನಿಗೂ ತಿಳೀತಿರ್ಲಿಲ್ಲ," ಎಂದು ಕೂಗಾಡಿ, ಕೊನೆಗೆ ತಾವೂ ಮಕ್ಕಳೊಂದಿಗರೇ ಆದ್ದರಿಂದ, ಹತ್ತು ದಿನದ ಮೇಲೆ ಐದೂ ಕೇಂದ್ರಗಳಿಗೆ ಒಂದೇ ಸಭಾಂಗಣದಲ್ಲಿ ಮತ್ತೆ ಚೀಟಿ ಎಂದು ಪ್ರಕಟಣೆ ಕೊಟ್ಟರು. ಅತ್ತಿಗೆಯ ಮೇಲೆ ವಿಚಾರಣೆ ಕೂಡಿಸಿದರು. ಹೊಸ ಪ್ರೋಗ್ರಾಮನ್ನು ಬೇರೆ ವಿಭಾಗದವರು ಬರೆದರು.

ಆ ಹತ್ತು ದಿನ ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ತೋಳಿನ ಜಾಗಕ್ಕೆ ಕತ್ತಿನ ಅಳತೆ ಹಾಕಿ ಎರಡು ಅಂಗಿ ಹಾಳುಮಾಡಿದೆ. ಅಂಗಡಿಯ ಮುಂದೆ ಯಾರು ನಿಂತು ಮಾತಾಡಿದರೂ ನಮ್ಮ ವಿಷಯವೇ ಅನ್ನಿಸುತ್ತಿತ್ತು. ಅರವತ್ತಕ್ಕೆ ಹನ್ನೆರಡು, ಐದಕ್ಕೆ ಒಂದು, ಇನ್ನೊಂದು ಸಲ ಬರಬಾರದೇಕೆ ಎಂದು ಹೊಲಿಗೆ ಮಿಷನ್ ತುಳಿಯುತ್ತಾ ಎಣಿಸುತ್ತಿದ್ದೆ. ಮತ್ತೆ ಬಂದರೂ ಕಷ್ಟವೇ, ಈ ಸಲವೂ ಕೈವಾಡ ಎನ್ನುತ್ತಾರೆ ಎಂದೂ ಹೊಳೆಯುತ್ತಿತ್ತು. ಅಂದರೆ ಅಂದುಕೊಳ್ಳಲಿ, ಬರಲಿ, ದೇವರೇ ಬರಲಿ ಎಂದುಕೊಳ್ಳುತ್ತಿದ್ದೆ. ಅತ್ತಿಗೆಯ ಜೊತೆ ಒಂದು ಮಾತೂ ಆಡಲಿಲ್ಲ. ಅವರು ದಿನವೂ ಸಂಜೆ ಬಂದು ಗುಬ್ಬಿಯ ಜೊತೆ ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಕುರ್ಚಿಯನ್ನು ವಾಪಸ್ ತಳ್ಳುವುದನ್ನು ಮರೆತು ಹೋದದ್ದನ್ನು ಎರಡು ಸಲ ನೋಡಿದೆ. ನೋಡಿ ಖುಷಿಪಟ್ಟೆ ಎಂದರೆ ನನ್ನನ್ನು ಏನನ್ನುತ್ತೀರೋ ಅನ್ನಿ.

ಸಭಾಂಗಣ ತುಂಬಿ ತುಳುಕುತ್ತಿತ್ತು. ಸೀಟು ಸಿಕ್ಕಿದ್ದವರು ಕೆಂಡ ಕಾರುತ್ತಿದ್ದರು, ಸಿಗದವರು ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಬಸ್ ಡ್ರೈವರು ನನ್ನನ್ನು ನೋಡಿಯೂ ನೋಡದಂತೆ ಮುಖ ತಿರುಗಿಸಿದ. ನಾನು ಅವನ ಮಗನ ನಂಬರು ಬಾಯಿಬಿಟ್ಟಿದ್ದರಿಂದಲೇ ಇದೆಲ್ಲ ಎಂದು ಅವನಿಗೆ ಗೊತ್ತಾಗಿರಬೇಕು.

ಸಾಹೇಬರು ಏನೋ ತಾಂತ್ರಿಕ ಕಾರಣ ಎಂದು ತೇಲಿಸಿ ಹೇಳುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಅತ್ತಿಗೆ ಎದ್ದು ನಿಂತರು.

"ತಪ್ಪು ನನ್ನದು. ಚುಕ್ಕಿ ಅಲ್ಲಾಡದೇ ಇರ್ಲಿ ಅಂತ ನಾನು ಹಾಕಿದ ಒಂದು ಸಂಖ್ಯೆಯಿಂದ ಚೀಟಿ ಕೆಡ್ತು. ಆ ಸಂಖ್ಯೆ ನನ್ನ ತಂಗಿ ಮಗಳು ಹುಟ್ಟಿದ ದಿನ. ಆ ಪಟ್ಟಿಯಲ್ಲಿ ಅವಳೂ ಇದ್ಲು. ನಿಮಗೆಲ್ಲ ತೊಂದರೆ ಕೊಟ್ಟೆ."

ಕೂತುಕೊಂಡರು. ಸಭೆಯಲ್ಲಿ ಗದ್ದಲವೆದ್ದಿತು. ಚಿತ್ರವಿಲ್ಲ, ಚುಕ್ಕಿಯಿಲ್ಲ, ಬೇರೆ ಯಾರೋ ಕೀಲಿ ಒತ್ತಿದರು. ಈ ಸಲ ಹೆಸರಿನ ಜೊತೆ ಸಂಖ್ಯೆಯನ್ನೂ ಓದಿದರು. ನಮ್ಮ ಕೇಂದ್ರ ಬಂತು. ನಾಲ್ಕು, ಐವತ್ತೊಂದು, ಮೂವತ್ತು, ಒಂಬತ್ತು... ನನ್ನ ಹೆಂಡತಿ ಒಂದೊಂದಕ್ಕೂ ಒಂದೊಂದು ಬೆರಳು ಮಡಿಸುತ್ತಿದ್ದಳು. ಹತ್ತು ಬೆರಳೂ ಮುಗಿದವು. ಹನ್ನೊಂದು ಬಂತು. ಹನ್ನೆರಡು ಬಂತು. ಹದಿನೇಳು ಬರಲಿಲ್ಲ.

ಆಗ ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ಪಕ್ಕದವನಿಗೆ ಹೇಳಿದ: "ಎಲ್ಲಾ ನಾಟಕ ಕಣ್ರೀ. ಆ ಹೆಂಗಸು ತಂಗಿ ಮಗಳಿಗೆ ಒಳಗಿಂದೊಳಗೆ ಇನ್ನೊಂದು ಸೀಟು ಮಾಡಿಟ್ಟಿರ್ತಾಳೆ. ಇಲ್ದಿದ್ರೆ ಯಾರಾದ್ರೂ ಬಂದು ಒಪ್ಕೋತಾರಾ?"

ಹತ್ತು ದಿನ ಅತ್ತಿಗೆಯ ಮೇಲೆ ಕೂಡಿಟ್ಟ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಕುರ್ಚಿ ಉರುಳಿ ಬೀಳುವ ಹಾಗೆ ಎದ್ದೆ.

"ಆ ಮಗುವಿನ ಅಪ್ಪ ನಾನು! ನಮಗೆ ಸೀಟು ಹೋಗಿದೆ, ಕೇಳಿಸ್ತಾ? ಕೈಗೆ ಬಂದಿದ್ದು ಹೋಗಿದೆ. ಸುಮ್ನಿರಿ ಅಂತ ಕಾಲು ಹಿಡಿಯೋಕೆ ಹೋದೋನು ನಾನು. ಕೇಳ್ದೇ ಇದ್ದೋರು ಅವರು. ಬೈಯೋದಿದ್ರೆ ನನ್ನನ್ನ ಬೈಯಿ!"

ಸಭಾಂಗಣವೆಲ್ಲ ತಿರುಗಿ ನೋಡಿತು. ಅತ್ತಿಗೆ ಮೂಲೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅವರ ಭುಜ ಅಲುಗುತ್ತಿತ್ತು. ತಂದೆ ತೀರಿಕೊಂಡಾಗಲೂ ಅಕ್ಕ ಅತ್ತಿರಲಿಲ್ಲ ಎಂದು ನನ್ನ ಹೆಂಡತಿ ಆಮೇಲೆ ಹೇಳಿದಳು.

ಮೂವರೂ ನಡೆದುಕೊಂಡೇ ಮನೆಗೆ ಬಂದೆವು. ಗುಬ್ಬಿಯನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಬಿಟ್ಟಿದ್ದೆವು. ನಮ್ಮನ್ನು ಕಂಡವಳೇ ಹೊಸ್ತಿಲು ದಾಟಿ ಓಡಿ ಬಂದಳು. ಅವಳ ಜೊತೆ ಮಾತಾಡುವಾಗ ಬೆಳಕಿಗೆ ಮುಖ ಮಾಡಬೇಕು, ತುಟಿ ಕಾಣಬೇಕು, ಗೊಣಗಿ ನುಂಗಿಕೊಳ್ಳುವ ಹಾಗಿಲ್ಲ. ನನಗೆ ಅದು ಆಗಲಿಲ್ಲ. ಗೋಡೆಯ ಕಡೆ ತಿರುಗಿ ನಿಂತೆ.

"ನಾನು ಹೇಳ್ತೀನಿ ಬಿಡಿ," ಎಂದರು ಅತ್ತಿಗೆ. ಕಿಟಕಿಯ ಎದುರು ನೆಲದ ಮೇಲೆ ಕೂತು, ಗುಬ್ಬಿಯನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದರು. ಆ ಶಾಲೆಗೆ ಹೋಗೋದಿಲ್ಲ ಪುಟ್ಟಿ. ಸೀಟು ಸಿಗಲಿಲ್ಲ.

ಗುಬ್ಬಿ ಅವರ ತುಟಿಯನ್ನೇ ನೋಡುತ್ತಿದ್ದಳು. ಆಮೇಲೆ ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು.

"ನಾನು ಮಾತು ತಪ್ಪಾಗಿ ಹೇಳಿದ್ನಾ?" ಎಂದಳು. ಹೊರಗಿನವರಿಗೆ ಅವಳ ಮಾತು ಪೂರ್ತಿ ತಿಳಿಯುವುದಿಲ್ಲ. ನಮಗೆ ಮೂವರಿಗೂ ತಿಳಿಯಿತು.

"ಇಲ್ಲಮ್ಮ. ನೀನು ಸರಿಯಾಗೇ ಹೇಳಿದೀಯ. ತಪ್ಪು ಮಾಡಿದ್ದು ದೊಡ್ಡಮ್ಮ."

ಗುಬ್ಬಿ ತಲೆ ಅಡ್ಡ ಆಡಿಸಿದಳು. ನಂಬಲಿಲ್ಲ. ದೊಡ್ಡಮ್ಮ ತಪ್ಪು ಮಾಡುವುದಿಲ್ಲ ಎಂದು ಈ ಮನೆಯಲ್ಲಿ ಅವಳಿಗೆ ಕಲಿಸಿದವರು ನಾವೇ. ಅತ್ತಿಗೆ ಅವಳ ಗಲ್ಲ ಹಿಡಿದು ಮುಖವನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡು, ಅದೇ ಮಾತನ್ನು ಇನ್ನೂ ನಿಧಾನವಾಗಿ ಹೇಳತೊಡಗಿದರು.